ಇನ್ನೊಬ್ಬರ ತೋಳಿಗೆ ಒಂದು ಬಿಲ್ಲು

ಉಡುಗೊರೆ ಎಂದ ಕೂಡಲೇ ನಮಗೆ ನೆನಪಾಗುವುದು ಅಂಗಡಿ. ಪೆನ್ನು, ಕೈಗಡಿಯಾರ, ಅತ್ತರಿನ ಶೀಶೆ, ಪುಸ್ತಕ, ಯಾವುದನ್ನು ಕೊಂಡು ಕೊಟ್ಟರೂ ಯಾರ ಕೈಗಾದರೂ ಒಪ್ಪುತ್ತದೆ. ಬಿಲ್ಲು ಹಾಗಲ್ಲ. ಕೈಯಿಂದ ಮಾಡಿದ ಬಿಲ್ಲು ಒಬ್ಬರ ತೋಳಿನ ಉದ್ದಕ್ಕೆ, ಒಬ್ಬರ ಭುಜದ ಬಲಕ್ಕೆ ಹೊಂದಿಸಿದ ವಸ್ತು. ಅಣ್ಣನಿಗೆ ಸರಿಹೋದ ಬಿಲ್ಲು ತಂಗಿಗೆ ಭಾರ. ತಂಗಿಗೆ ಸರಿಹೋದದ್ದನ್ನು ಅಣ್ಣ ಪೂರ್ತಿ ಎಳೆದರೆ ಮುರಿದೇ ಹೋಗಬಹುದು. ಆದ್ದರಿಂದ ಒಬ್ಬ ಬಿಲ್ಲುಗಾರನಿಗೆ ಇನ್ನೊಬ್ಬನು ಬಿಲ್ಲು ಮಾಡಿಕೊಡಬೇಕಾದರೆ ಮೊದಲು ಅಳೆಯಬೇಕಾದದ್ದು ಮರವನ್ನಲ್ಲ, ಪಡೆಯುವವರನ್ನು.

ಈ ಲೇಖನದಲ್ಲಿ ಅಂಥ ಒಂದು ಬಿಲ್ಲು ಹೇಗೆ ತಯಾರಾಗುತ್ತದೆ, ಅದರ ಹಿಂದೆ ನಾವು ತರಗತಿಯಲ್ಲಿ ಓದುವ ಯಾವ ಭೌತಶಾಸ್ತ್ರ ಕೆಲಸ ಮಾಡುತ್ತದೆ, ಕೊಡುವವರ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬುದನ್ನು ನೋಡೋಣ.

ನಮ್ಮ ಮಾತಿನಲ್ಲಿ, ನಮ್ಮ ನಾಡಿನಲ್ಲಿ

ಬಿಲ್ಲು, ಅಂಬು, ಕಣೆ, ಹೆದೆ, ಬತ್ತಳಿಕೆ, ಇವೆಲ್ಲ ಕನ್ನಡಕ್ಕೆ ಹಳೆಯ ಪದಗಳು. ಮಳೆ ನಿಂತ ಮೇಲೆ ಆಕಾಶದಲ್ಲಿ ಮೂಡುವುದು ಕಾಮನಬಿಲ್ಲು. ಮಸೀದಿಯ ಬಾಗಿಲಿನ ಮೇಲೆ, ಕೋಟೆಯ ಹೆಬ್ಬಾಗಿಲಿನ ಮೇಲೆ ಕಾಣುವ ಕಮಾನು ಇದೆಯಲ್ಲ, ಆ ಪದ ಫಾರ್ಸಿಯಿಂದ ಬಂದದ್ದು. ಆ ಭಾಷೆಯಲ್ಲಿ ಕಮಾನ್ ಎಂದರೆ ಬಿಲ್ಲು. ಪಿಟೀಲು ನುಡಿಸುವ ಕಡ್ಡಿಗೂ ನಾವು ಕಮಾನು ಎಂದೇ ಹೇಳುತ್ತೇವೆ. ಬಿಲ್ಲು ಮಾಡುವ ಕಸುಬಿನವರಿಗೆ ಕಮಾನ್‌ಗರ್ ಎಂಬ ಹೆಸರಿತ್ತು. ಗುಜರಾತಿನ ಕಚ್ಛ್‌ನಲ್ಲಿ ಬಿಲ್ಲು ಮಾಡಿ ಬಣ್ಣ ಬಳಿಯುತ್ತಿದ್ದ ಈ ಮನೆತನಗಳವರು ಮುಂದೆ ಗೋಡೆಚಿತ್ರಗಳತ್ತ ಹೊರಳಿದರು. ಆ ಚಿತ್ರಗಳಿಗೆ ಇಂದಿಗೂ ಕಮಾನ್‌ಗರಿ ಕಲೆ ಎಂದೇ ಹೆಸರು.

ಬಿಲ್ಲನ್ನು ಉಡುಗೊರೆಯಾಗಿ ಕೊಡುವ ಪದ್ಧತಿಗೆ ಕರ್ನಾಟಕದಲ್ಲೇ ಒಂದು ಚೆಂದದ ಉದಾಹರಣೆ ಇದೆ. ಕೊಡಗಿನ ಕೊಡವರಲ್ಲಿ ಗಂಡು ಮಗು ಹುಟ್ಟಿದೊಡನೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು, ಅದೇ ಗಿಡದ ಎಲೆಯ ತೊಟ್ಟಿನಿಂದ ಬಾಣ ಮಾಡಿ ಮಗುವಿನ ಕೈಗೆ ಹಿಡಿಸುತ್ತಿದ್ದರು. ಅದೇ ಹೊತ್ತಿಗೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಿದ್ದರು. 1870ರಲ್ಲಿ ಜಿ. ರಿಕ್ಟರ್ ಬರೆದ ಕೊಡಗಿನ ಕೈಪಿಡಿಯಲ್ಲಿ ಈ ವಿವರ ದಾಖಲಾಗಿದೆ. ಹರಳಿನ ಕಡ್ಡಿ ಮೆತ್ತಗಿನದು, ಬೇಟೆಗೆ ಬಾರದು. ಆದರೂ ಅದು ಸರಿಯಾದ ಬಿಲ್ಲು, ಏಕೆಂದರೆ ಅದನ್ನು ಮಾಡಿದ್ದು ಹಸುಗೂಸಿನ ಕೈಗೆ.

ಮಹಾಭಾರತದ ಗಾಂಡೀವವೂ ಕೊಟ್ಟ ಬಿಲ್ಲೇ. ಖಾಂಡವವನದ ಪ್ರಸಂಗದಲ್ಲಿ ಅಗ್ನಿ ಅದನ್ನು ವರುಣನಿಂದ ಪಡೆದು ಅರ್ಜುನನಿಗೆ ಕೊಡಿಸುತ್ತಾನೆ. ಯುದ್ಧ ಮುಗಿದು ವರ್ಷಗಳಾದ ಮೇಲೆ, ಮೌಸಲ ಪರ್ವದಲ್ಲಿ, ಅದೇ ಅರ್ಜುನ ಅದೇ ಗಾಂಡೀವಕ್ಕೆ ಹೆದೆ ಏರಿಸಲು ತಿಣುಕಾಡುತ್ತಾನೆ. ಬಿಲ್ಲು ಬದಲಾಗಿರಲಿಲ್ಲ, ತೋಳು ಬದಲಾಗಿತ್ತು. ಕೊನೆಗೆ ಅದನ್ನು ನೀರಿಗೆ ಬಿಟ್ಟು ವರುಣನಿಗೇ ಹಿಂದಿರುಗಿಸುತ್ತಾನೆ.

ಇಸ್ಲಾಮೀ ಪರಂಪರೆಯಲ್ಲಿ ಬಿಲ್ವಿದ್ಯೆಗೆ ಗೌರವದ ಸ್ಥಾನವಿದೆ. ಒಂದೇ ಬಾಣದಿಂದ ಮೂವರಿಗೆ ಪ್ರತಿಫಲ ದೊರೆಯುತ್ತದೆ, ಒಳ್ಳೆಯ ಉದ್ದೇಶದಿಂದ ಅದನ್ನು ಮಾಡಿದವರಿಗೆ, ಅದನ್ನು ಎಸೆದವರಿಗೆ, ಎಸೆಯುವವರ ಕೈಗೆ ಅದನ್ನು ಕೊಟ್ಟವರಿಗೆ ಎಂಬ ಅರ್ಥದ ಹದೀಸ್ ಉಖ್ಬಾ ಬಿನ್ ಆಮಿರ್ (ರ) ಅವರಿಂದ ವರದಿಯಾಗಿ ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ಗುರಿ ಮುಟ್ಟಿಸಿದವನ ಹೆಸರು ಎಲ್ಲರಿಗೂ ತಿಳಿಯುತ್ತದೆ. ಆದರೆ ಮರೆಯಲ್ಲಿ ಕುಳಿತು ಕೆತ್ತಿದವನೂ, ಕೈಗೆ ತಂದುಕೊಟ್ಟವನೂ ಆ ಲೆಕ್ಕದಲ್ಲಿ ಸೇರಿದ್ದಾರೆ.

ಮೊದಲು ಅಳತೆ

ಬಿಲ್ಲು ಮಾಡುವವರು ಪಡೆಯುವವರ ಬಗ್ಗೆ ಮೂರು ವಿಷಯ ತಿಳಿದುಕೊಳ್ಳಬೇಕು.

ಒಂದು, ಎಳೆತದ ಉದ್ದ. ಎರಡೂ ತೋಳುಗಳನ್ನು ಅಗಲವಾಗಿ ಚಾಚಿ ನಿಂತಾಗ ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಳತೆಯನ್ನು ಎರಡೂವರೆಯಿಂದ ಭಾಗಿಸಿದರೆ ಅದು ಸರಿಸುಮಾರು ಸಿಗುತ್ತದೆ. ತೋಳಗಲ 160 ಸೆಂಟಿಮೀಟರ್ ಇದ್ದರೆ ಎಳೆತ 64 ಸೆಂಟಿಮೀಟರ್. ಬಿಲ್ಲಿನ ಉದ್ದ ಎಳೆತದ ಎರಡರಷ್ಟಕ್ಕಿಂತ ಒಂದಿಷ್ಟು ಹೆಚ್ಚಿರಬೇಕು. ಇವರಿಗೆ ಸುಮಾರು 150 ಸೆಂಟಿಮೀಟರಿನ ಬಿಲ್ಲು ನೆಮ್ಮದಿ.

ಎರಡು, ಬಲ. ಬಿಲ್ಲಿನ ಬಿಗಿಯನ್ನು ಜಗತ್ತಿನಾದ್ಯಂತ ಪೌಂಡ್‌ಗಳಲ್ಲಿ ಹೇಳುವುದು ರೂಢಿ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ನಮ್ಮ ವಯಸ್ಸಿನ ಹೊಸಬರಿಗೆ 18ರಿಂದ 25 ಪೌಂಡ್ ಸಾಕು. ಹೆಚ್ಚಿನ ಬಿಗಿ ಕೊಟ್ಟರೆ ಎಳೆಯುವವರು ಭುಜ ಎತ್ತುತ್ತಾರೆ, ಬೆನ್ನು ಬಾಗಿಸುತ್ತಾರೆ. ತಪ್ಪು ಭಂಗಿ ಅಭ್ಯಾಸವಾಗುತ್ತದೆ, ಕೀಲು ನೋಯುತ್ತದೆ, ಕೊನೆಗೆ ಬಿಲ್ಲು ಮೂಲೆ ಸೇರುತ್ತದೆ.

ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆ 1545ರಲ್ಲಿ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರಲ್ಲಿ ಯೂ ಮರದ ನೂರಕ್ಕೂ ಹೆಚ್ಚು ಬಿಲ್ಲುಗಳು ದೊರೆತವು. ಅವುಗಳ ಬಿಗಿ 100 ಪೌಂಡ್ ದಾಟುತ್ತಿತ್ತು ಎಂದು ಅಂದಾಜಿಸಿದ್ದಾರೆ. ಜೊತೆಗೆ ಸಿಕ್ಕ ಅಸ್ಥಿಪಂಜರಗಳಲ್ಲಿ ಹಲವರ ಭುಜದ ಮೂಳೆ ಬದಲಾಗಿರುವುದನ್ನು ಸಂಶೋಧಕರು ಗುರುತಿಸಿ, ಚಿಕ್ಕಂದಿನಿಂದ ಬಿಲ್ಲೆಳೆದದ್ದೇ ಇದಕ್ಕೆ ಕಾರಣವಿರಬಹುದು ಎಂದಿದ್ದಾರೆ. ಅಂಥ ಬಿಲ್ಲಿಗೆ ಅಂಥ ಮೈಯೇ ಬೇಕು. ಸೀತಾ ಸ್ವಯಂವರದ ಬಿಲ್ಲು ಎತ್ತಲಾಗದಷ್ಟು ಭಾರವಾಗಿದ್ದದ್ದು ಅದು ಪರೀಕ್ಷೆಯ ಬಿಲ್ಲಾದ್ದರಿಂದ. ಸ್ನೇಹಿತರಿಗೆ ಕೊಡುವ ಬಿಲ್ಲು ಅವರಿಗೆ ಪರೀಕ್ಷೆಯಾಗಬಾರದು.

ಮೂರು, ಕೈ. ಬಲಗೈಯಲ್ಲಿ ಹೆದೆ ಎಳೆಯುವವರೋ ಎಡಗೈಯಲ್ಲೋ, ಅಂಗೈ ದೊಡ್ಡದೋ ಚಿಕ್ಕದೋ ಎಂದು ನೋಡಿಕೊಂಡರೆ ಹಿಡಿಕೆಯ ಸುತ್ತಳತೆ ತಿಳಿಯುತ್ತದೆ.

ಬಿದಿರೋ ಮರವೋ

ನಮ್ಮ ಕಾಡುಗಳಲ್ಲಿ ಬೆಳೆಯುವ ತಡಸಲು ಮರ ಬಿಲ್ಲಿಗೆ ಹೆಸರಾದದ್ದು. ಸಂಸ್ಕೃತದಲ್ಲಿ ಅದಕ್ಕೆ ಧನ್ವನ ಎನ್ನುತ್ತಾರೆ. ಬಿಲ್ಲಿನ ಮರ ಎಂಬುದು ಅದರ ಹೆಸರಿನಲ್ಲೇ ಇದೆ. ಬಾಗಿ ಮತ್ತೆ ನೆಟ್ಟಗಾಗುವ ಗುಣದಿಂದಾಗಿ ಅದನ್ನು ಗಾಡಿಯ ಮೂಕಿಗೆ, ಹೊರುವ ಅಡ್ಡೆಗಳಿಗೆ ಬಳಸುತ್ತಿದ್ದರು. ಹೊಸಕೋಟೆ ಸುತ್ತಮುತ್ತ ಕಣ್ಣಿಗೆ ಬೀಳುವುದು ನೀಲಗಿರಿ ತೋಪುಗಳು. ನೀಲಗಿರಿಯ ನಾರು ಹಲವು ಸಲ ಸುರುಳಿಯಾಗಿ ತಿರುಚಿಕೊಂಡಿರುತ್ತದೆ. ನಾರು ತುದಿಯಿಂದ ತುದಿಗೆ ನೇರವಾಗಿ ಓಡದ ಮರ ಬಿಲ್ಲಿಗೆ ಒಗ್ಗುವುದಿಲ್ಲ.

ಹೊಸಬರಿಗೆ ಬಿದಿರೇ ಒಳ್ಳೆಯದು. ಅದರಲ್ಲೂ ಒಳಗೆ ಪೊಳ್ಳು ಕಡಿಮೆ ಇರುವ, ಗೋಡೆ ದಪ್ಪವಿರುವ ಗಟ್ಟಿ ಬಿದಿರು. ಮೂರು ನಾಲ್ಕು ವರ್ಷ ಬಲಿತ ಗಳವಾಗಿರಬೇಕು. ಎಳೆಯದಾದರೆ ಒಣಗುವಾಗ ಸುಕ್ಕುಗಟ್ಟುತ್ತದೆ, ಕುಟ್ಟೆ ಹಿಡಿಯುತ್ತದೆ. ನಮ್ಮ ಸುತ್ತಲಿನ ರೇಷ್ಮೆ ಹಳ್ಳಿಗಳಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಯನ್ನು ನೋಡಿದವರಿಗೆ ಬಿದಿರಿನ ದಬ್ಬೆ ಏನೆಂದು ಹೇಳಬೇಕಾಗಿಲ್ಲ. ಬಿದಿರನ್ನು ಸೀಳುವುದನ್ನು ಮೇದಾರರಿಂದ ಕಲಿಯುವುದು ಮೇಲು. ಗಳವನ್ನು ಕೈಯಲ್ಲಿ ತಿರುಗಿಸಿ, ತಟ್ಟಿ, ಸದ್ದು ಕೇಳಿಯೇ ಅದು ಬಲಿತಿದೆಯೇ ಎಂದು ಹೇಳಬಲ್ಲವರು ಅವರಲ್ಲಿದ್ದಾರೆ.

ಕಾಡಿನಿಂದ ಅನುಮತಿಯಿಲ್ಲದೆ ಮರವನ್ನಾಗಲಿ ಬಿದಿರನ್ನಾಗಲಿ ಕಡಿಯುವುದು ಅಪರಾಧ. ಆದರೆ 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ಆದ ತಿದ್ದುಪಡಿಯಿಂದ, ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಲೆಕ್ಕದಲ್ಲಿ ಮರವಲ್ಲ. ರೈತರ ಬೇಲಿಯಲ್ಲಿ ಬೆಳೆದದ್ದನ್ನು, ಬಿದಿರಿನ ಅಂಗಡಿಯಲ್ಲಿ ಸಿಗುವುದನ್ನು ಕೊಂಡುಕೊಳ್ಳಬಹುದು.

ಸೀಳುವುದು, ಒಣಗಿಸುವುದು, ಕಾಸುವುದು

ಗಳವನ್ನು ಮಚ್ಚಿನಿಂದ ಉದ್ದಕ್ಕೆ ಸೀಳಿ, ನಾಲ್ಕು ಸೆಂಟಿಮೀಟರ್ ಅಗಲದ ದಬ್ಬೆ ತೆಗೆದುಕೊಳ್ಳಬೇಕು. ಗರಗಸಕ್ಕಿಂತ ಸೀಳುವುದು ಒಳ್ಳೆಯದು, ಏಕೆಂದರೆ ಸೀಳು ನಾರಿನ ದಾರಿಯಲ್ಲೇ ಹೋಗುತ್ತದೆ. ದಬ್ಬೆಯನ್ನು ಬಿಸಿಲಿಗಿಡದೆ ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ತಿಂಗಳು ಒಣಗಿಸಬೇಕು. ಆಮೇಲೆ ಕೆಂಡದ ಮೇಲೆ, ಉರಿ ತಾಗದಂತೆ, ಒಳಮೈಯನ್ನು ಹಳದಿಗಂದು ಬಣ್ಣ ಬರುವವರೆಗೆ ನಿಧಾನವಾಗಿ ಕಾಸಬೇಕು. ಉಳಿದ ತೇವ ಹೋಗಿ ಬಿದಿರು ಬಿರುಸಾಗುತ್ತದೆ. ಡೊಂಕಿದ್ದರೆ ಬಿಸಿ ಇರುವಾಗಲೇ ತಿದ್ದಿ ನೆಟ್ಟಗೆ ಮಾಡಬಹುದು.

ಈಗ ಬಿಲ್ಲಿನ ಎರಡು ಮೈಗಳನ್ನು ಗುರುತಿಸೋಣ. ಬಾಣ ಬಿಡುವವರಿಗೆ ಎದುರಾಗಿ, ಗುರಿಯ ಕಡೆ ಇರುವುದು ಹೊರಮೈ. ಅವರ ಕಡೆ ಇರುವುದು ಒಳಮೈ. ಬಿಲ್ಲು ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಿದಿರಿನ ಹಸಿರು ಸಿಪ್ಪೆಯ ಭಾಗದಲ್ಲಿ ನಾರು ಅತ್ಯಂತ ದಟ್ಟ. ಹಿಗ್ಗುವಿಕೆಯನ್ನು ತಡೆಯುವ ಶಕ್ತಿ ಅದಕ್ಕೆ ಹೆಚ್ಚು. ಆದ್ದರಿಂದ ಆ ಸಿಪ್ಪೆಯ ಕಡೆಯನ್ನು ಹೊರಮೈಯಾಗಿ ಇಟ್ಟು, ಕೆತ್ತನೆಯನ್ನೆಲ್ಲ ಒಳಗಿನಿಂದ ಮಾಡಬೇಕು. ಹೊರಮೈಯಲ್ಲಿ ಒಂದು ನಾರು ಕಡಿದರೂ ಬಿಲ್ಲು ಅಲ್ಲೇ ಚಕ್ಕೆ ಏಳುತ್ತದೆ. ತುರ್ಕಿ ಮತ್ತು ಮೊಘಲ್ ಬಿಲ್ಲುಗಾರರು ಇದೇ ತತ್ವವನ್ನು ಮುಂದಕ್ಕೆ ಕೊಂಡೊಯ್ದು, ಮರದ ಹೊರಮೈಗೆ ಪ್ರಾಣಿಯ ಸ್ನಾಯುರಜ್ಜು, ಒಳಮೈಗೆ ಕೊಂಬು ಅಂಟಿಸುತ್ತಿದ್ದರು. ಸ್ನಾಯುರಜ್ಜು ಹಿಗ್ಗಲು ಸಮರ್ಥ, ಕೊಂಬು ಕುಗ್ಗಲು ಸಮರ್ಥ.

ಹದ ಮಾಡುವುದು

ಬಿಲ್ಲಿನ ನಿಜವಾದ ಕೆಲಸ ಇಲ್ಲಿಂದ ಶುರು. ನಡುವಿನಲ್ಲಿ ಹಿಡಿಕೆಗೆ ಒಂದು ಹಿಡಿಯಷ್ಟು ಜಾಗ ಬಿಟ್ಟು, ಎರಡೂ ಕಡೆ ತುದಿಯತ್ತ ಹೋದಂತೆ ಅಗಲ ಮತ್ತು ದಪ್ಪ ಕಡಿಮೆಯಾಗುವಂತೆ ಮಚ್ಚು, ತೋಪಡ, ಅರ ಬಳಸಿ ತೆಗೆಯಬೇಕು. ತುದಿಗಳಲ್ಲಿ ಹೆದೆ ಕೂರಲು ಓರೆಯಾಗಿ ಕಚ್ಚು ಹಾಕಬೇಕು. ಆಮೇಲೆ ಅವಸರಕ್ಕೆ ಜಾಗವಿಲ್ಲ.

ಇದರ ಕಾರಣ ಗಣಿತದಲ್ಲಿದೆ. ಬಾಗುವ ಪಟ್ಟಿಯ ಬಿಗಿ ಅದರ ಅಗಲಕ್ಕೆ ನೇರ ಅನುಪಾತದಲ್ಲಿರುತ್ತದೆ, ಆದರೆ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಅಗಲವನ್ನು 30 ಮಿಲಿಮೀಟರಿನಿಂದ 27ಕ್ಕೆ ಇಳಿಸಿದರೆ ಬಿಗಿ ನೂರಕ್ಕೆ 10ರಷ್ಟು ಇಳಿಯುತ್ತದೆ. ದಪ್ಪವನ್ನು 10 ಮಿಲಿಮೀಟರಿನಿಂದ 9ಕ್ಕೆ ಇಳಿಸಿದರೆ ಬಿಗಿ 1000ದಿಂದ 729ಕ್ಕೆ ಬೀಳುತ್ತದೆ, ಅಂದರೆ ನೂರಕ್ಕೆ 27ರಷ್ಟು ಹೋಯಿತು. ತೆಗೆದದ್ದು ಒಂದೇ ಮಿಲಿಮೀಟರ್, ಮತ್ತೆ ಅಂಟಿಸುವಂತಿಲ್ಲ. ಹಾಗಾಗಿ ಕೊನೆಯ ಹಂತದಲ್ಲಿ ತೋಪಡ ಬಿಟ್ಟು ಗಾಜಿನ ಚೂರು ಅಥವಾ ಚಾಕುವಿನ ಬೆನ್ನಿನಿಂದ ಹೆರೆಯುತ್ತಾರೆ. ಕೈಗೆ ಬರುವುದು ಹಿಟ್ಟಿನಂಥ ಪುಡಿ ಮಾತ್ರ.

ಗೋಡೆಗೆ ಒಂದು ಗೂಟ ಹೊಡೆದು ಬಿಲ್ಲಿನ ಹಿಡಿಕೆಯನ್ನು ಅದರ ಮೇಲಿಡಿ. ಹೆದೆಗೆ ಹಗ್ಗ ಕಟ್ಟಿ ಕೆಳಗಿನ ರಾಟೆಯ ಮೂಲಕ ದೂರದಿಂದ ಎಳೆಯಿರಿ. ಹಿಂದಿನ ಗೋಡೆಯಲ್ಲಿ ಚಾಕ್‌ಪೀಸಿನಿಂದ ಚೌಕಗಳನ್ನು ಬರೆದಿದ್ದರೆ ಎರಡೂ ರೆಕ್ಕೆಗಳು ಒಂದೇ ಸಮ ಬಾಗುತ್ತಿವೆಯೇ ಎಂದು ಕಾಣುತ್ತದೆ. ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯಂಥದ್ದನ್ನು, ಹೆಚ್ಚು ಭಾರ ತಡೆಯುವ ಅಳತೆಯದ್ದನ್ನು, ಹಗ್ಗದ ನಡುವೆ ಸಿಕ್ಕಿಸಿದರೆ ಬಿಗಿಯೂ ತಿಳಿಯುತ್ತದೆ. ನಿಯಮಗಳು ಮೂರೇ. ಎಲ್ಲಿ ಬಾಗುತ್ತಿಲ್ಲವೋ ಅಲ್ಲಿ ಹೆರೆಯಿರಿ, ಹೆಚ್ಚು ಬಾಗುವ ಕಡೆ ಕೈ ಹಾಕಬೇಡಿ. ಪ್ರತಿ ಸಲ ಹೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡಿ, ಬದಲಾವಣೆ ಕಾಣಲು ಅಷ್ಟು ಬೇಕು. ಮೊದಲೇ ತೀರ್ಮಾನಿಸಿದ ಬಿಗಿಗಿಂತ ಹೆಚ್ಚು ಯಾವತ್ತೂ ಎಳೆಯಬೇಡಿ. ಬಿಲ್ಲು ಸಿಡಿಯಬಹುದಾದ್ದರಿಂದ ಕನ್ನಡಕ ಹಾಕಿಕೊಂಡು, ಪಕ್ಕಕ್ಕೆ ನಿಂತು, ಹಿರಿಯರೊಬ್ಬರ ಎದುರಿನಲ್ಲೇ ಈ ಕೆಲಸ ಮಾಡಬೇಕು.

ಈ ತಾಳ್ಮೆ ಮನುಷ್ಯನಿಗೆ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಜಿ ಎಂಬ ಮನುಷ್ಯನ ಬಳಿ 1.8 ಮೀಟರ್ ಉದ್ದದ ಯೂ ಮರದ ಬಿಲ್ಲಿತ್ತು. ಅದಕ್ಕಿನ್ನೂ ಹೆದೆ ಕಟ್ಟುವ ಕಚ್ಚು ಬಿದ್ದಿರಲಿಲ್ಲ. ಮೈಮೇಲೆ ಕೆತ್ತಿದ ಗುರುತುಗಳು ಹಾಗೆಯೇ ಉಳಿದಿವೆ. ಸಾಯುವ ಹೊತ್ತಿಗೆ ಆತನ ಬಿಲ್ಲಿನ ಕೆಲಸ ಮುಗಿದಿರಲಿಲ್ಲ.

ಹೆದೆ, ಬಾಣ, ವೇಗ

ಹಳೆಯ ಕಾಲದಲ್ಲಿ ಹೆದೆಗೆ ರೇಷ್ಮೆ, ನಾರು, ಸ್ನಾಯುರಜ್ಜು ಬಳಸುತ್ತಿದ್ದರು. ನಮ್ಮ ದೇಶದ ಅನೇಕ ಆದಿವಾಸಿ ಸಮುದಾಯಗಳಲ್ಲಿ ಹೆದೆಯೂ ಬಿದಿರಿನ ಸೀಳೇ. ಈಗ ಹಿಗ್ಗದ ಪಾಲಿಯೆಸ್ಟರ್ ದಾರದ ಹಲವು ಎಳೆಗಳನ್ನು ಹೊಸೆದು ಜೇನುಮೇಣ ಸವರಿ ಬಳಸುತ್ತಾರೆ. ಹೆದೆ ಏರಿಸಿದಾಗ ಹಿಡಿಕೆಗೂ ಹೆದೆಗೂ ನಡುವೆ, ಮುಷ್ಟಿ ಹಿಡಿದು ಹೆಬ್ಬೆರಳನ್ನು ಎತ್ತಿದಷ್ಟು, ಅಂದರೆ ಸುಮಾರು 15 ಸೆಂಟಿಮೀಟರ್ ಅಂತರವಿರಬೇಕು.

ನಾವು ಮೇಲೆ ಅಳೆದ 64 ಸೆಂಟಿಮೀಟರ್ ಎಳೆತದವರಿಗೆ 25 ಪೌಂಡ್ ಬಿಲ್ಲು ಕೊಟ್ಟೆವು ಎನ್ನಿ. ಹೆದೆ ಮೊದಲೇ 15 ಸೆಂಟಿಮೀಟರ್ ದೂರದಲ್ಲಿರುವುದರಿಂದ ಎಳೆಯುವುದು 49 ಸೆಂಟಿಮೀಟರ್. ಪೂರ್ತಿ ಎಳೆದಾಗ ಬಲ ಸುಮಾರು 111 ನ್ಯೂಟನ್. ಬಲ ಸೊನ್ನೆಯಿಂದ ಒಂದೇ ಸಮನೆ ಏರುತ್ತದೆ ಎಂದುಕೊಂಡರೆ ಕೂಡಿಟ್ಟ ಶಕ್ತಿ ಬಲ ಮತ್ತು ದೂರದ ಗುಣಲಬ್ಧದ ಅರ್ಧ, ಅಂದರೆ ಸುಮಾರು 27 ಜೂಲ್. ಇದರಲ್ಲಿ ನೂರಕ್ಕೆ 60ರಷ್ಟು 25 ಗ್ರಾಂ ತೂಕದ ಬಾಣಕ್ಕೆ ಹೋದರೂ ವೇಗ ಸೆಕೆಂಡಿಗೆ ಸುಮಾರು 36 ಮೀಟರ್, ಗಂಟೆಗೆ 130 ಕಿಲೋಮೀಟರ್. ಮಧ್ಯಮ ವೇಗದ ಬೌಲರ್ ಎಸೆದ ಚೆಂಡಿನ ವೇಗ ಅದು. ಆದರೆ ಇದರ ಮೂತಿ ಚೂಪು.

ಕೊಡುವಾಗ

ಈ ಲೆಕ್ಕವೇ ಕೊಡುವವರ ಹೊಣೆಯನ್ನು ಹೇಳುತ್ತದೆ. ಬಿಲ್ಲು ಆಟಿಕೆಯಲ್ಲ. ಹಿಡಿಕೆಯ ಒಳಬದಿಯಲ್ಲಿ ಪಡೆಯುವವರ ಎಳೆತದ ಉದ್ದ ಮತ್ತು ಬಿಗಿಯನ್ನು ಅಳಿಸದ ಶಾಯಿಯಲ್ಲಿ ಬರೆದುಕೊಡಿ, ಬೇರೆಯವರು ಅದನ್ನು ಮೀರಿ ಎಳೆಯದಂತೆ. ಬಳಸಿದ ಮೇಲೆ ಹೆದೆ ಇಳಿಸಿ, ಬಿಸಿಲು ಮತ್ತು ತೇವ ತಾಗದ ಕಡೆ ಮಲಗಿಸಿಡಲು ಹೇಳಿ. ಬಾಣವಿಲ್ಲದೆ ಖಾಲಿ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ಮೇಲೇ ತಿರುಗಿ ಬಿದ್ದು ಅದನ್ನು ಸೀಳುತ್ತದೆ. ಗುರಿಯ ಹಿಂದೆ ದಪ್ಪ ಮಣ್ಣಿನ ದಿಬ್ಬವಿರಬೇಕು, ಮುಂದೆ ಯಾರೂ ಇರಬಾರದು. ಜೀವವಿರುವ ಯಾವುದನ್ನೂ ಅಭ್ಯಾಸದ ಗುರಿಯಾಗಿಸಬಾರದು ಎಂದು ಪ್ರವಾದಿ ಮುಹಮ್ಮದ್ (ಸ) ಅವರು ತಡೆದಿರುವುದು ಹದೀಸ್‌ಗಳಲ್ಲಿ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬೇಟೆಯನ್ನು ನಿಷೇಧಿಸುತ್ತದೆ.

ಬಿದಿರಿನ ಬಿಲ್ಲಿಗೆ ಇಂದಿಗೂ ಆಟದ ಮೈದಾನದಲ್ಲಿ ಜಾಗವಿದೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗ ಬಿದಿರಿನ ಬಿಲ್ಲಿನದೇ. ಹಿರಿಯರ ಮಟ್ಟದಲ್ಲಿ 30 ಮತ್ತು 50 ಮೀಟರ್ ದೂರದಿಂದ ಗುರಿ ಇಡುತ್ತಾರೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಆದಿವಾಸಿ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಶುರು ಮಾಡಿ 1988, 1992, 1996ರ ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ರಾಂಚಿಯ ದೀಪಿಕಾ ಕುಮಾರಿ ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲಿನಲ್ಲಿ ಅಭ್ಯಾಸ ಮಾಡಿ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನದ ಪದಕ ಗೆದ್ದರು. ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಯ ಹೆಸರೂ ಏಕಲವ್ಯ.

ಕಾರ್ಖಾನೆಯಲ್ಲಿ ತಯಾರಾದ ಸ್ಪರ್ಧೆಯ ಬಿಲ್ಲಿನ ಬೆಲೆ ನಮ್ಮಲ್ಲಿ ಎಷ್ಟೋ ಮನೆಗಳ ಕೈಗೆಟುಕುವುದಿಲ್ಲ. ಒಂದು ಬಿದಿರ ಗಳ, ಒಂದು ಮಚ್ಚು, ಮೂರು ತಿಂಗಳ ತಾಳ್ಮೆ ಎಟುಕುತ್ತವೆ. ಬಿಲ್ವಿದ್ಯೆ ಕಲಿಯಬೇಕೆಂಬ ಆಸೆಯಿದ್ದೂ ಬಿಲ್ಲಿಲ್ಲದ ಸಹಪಾಠಿ ನಿಮ್ಮ ತರಗತಿಯಲ್ಲಿದ್ದರೆ, ಒಂದು ಅಳತೆ ಟೇಪು ಹಿಡಿದು ಅವರ ತೋಳು ಚಾಚಿಸಿ ನೋಡಿ. ಬಿದಿರು ತರುವ ಮಾತು ಅದಾದ ಮೇಲೆ.